ತಪ್ಪು ಅಕ್ಷರವನ್ನು ಮುಟ್ಟದೆ ಕಾಯಿಲೆ ವಾಸಿ ಮಾಡುವುದು ಹೇಗೆ?

2023ರ ನವೆಂಬರ್‌ನಲ್ಲಿ ಬ್ರಿಟನ್ ಒಂದು ಹೊಸ ಚಿಕಿತ್ಸೆಗೆ ಒಪ್ಪಿಗೆ ಕೊಟ್ಟಿತು. ಮುಂದಿನ ತಿಂಗಳೇ ಅಮೆರಿಕವೂ ಕೊಟ್ಟಿತು. ಹೆಸರು ಕ್ಯಾಸ್‌ಗೆವಿ. ಸಿಕಲ್ ಸೆಲ್ ಕಾಯಿಲೆಯಲ್ಲಿ ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗುತ್ತವೆ, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ, ತಡೆಯಲಾರದ ನೋವು ಕೊಡುತ್ತವೆ. ಆ ಕಾಯಿಲೆಗೆ ಬಂದ ಚಿಕಿತ್ಸೆ ಇದು. ಕ್ರಿಸ್ಪರ್ ಎಂಬ ಜೀನ್ ಕತ್ತರಿ ಬಳಸಿ ಒಪ್ಪಿಗೆ ಪಡೆದ ಮೊದಲ ಚಿಕಿತ್ಸೆಯೂ ಹೌದು.

ಈ ಕಾಯಿಲೆಯ ಮೂಲ ಏನು ಎಂಬುದು ದಶಕಗಳಿಂದ ಗೊತ್ತಿದೆ. ಡಿಎನ್‌ಎಯನ್ನು ಎ, ಟಿ, ಜಿ, ಸಿ ಎಂಬ ನಾಲ್ಕು ರಾಸಾಯನಿಕ ಅಕ್ಷರಗಳ ಬರಹ ಅನ್ನಬಹುದು. ಹಿಮೋಗ್ಲೋಬಿನ್‌ನ ಬೀಟಾ ಸರಪಳಿಯ ಜೀನ್‌ನಲ್ಲಿ ಒಂದೇ ಒಂದು ಅಕ್ಷರ ತಪ್ಪಿದೆ. ಎ ಇರಬೇಕಾದ ಕಡೆ ಟಿ ಇದೆ. ಹಾಗಾದರೆ ಕತ್ತರಿ ಅಲ್ಲಿಗೇ ಹೋಗಿ ಆ ಅಕ್ಷರವನ್ನು ಸರಿಮಾಡುತ್ತದೆ, ಅಲ್ವಾ? ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ. ಇಲ್ಲ. ಚಿಕಿತ್ಸೆ ಮುಗಿದ ಮೇಲೂ ಆ ತಪ್ಪು ಅಕ್ಷರ ಇದ್ದಲ್ಲೇ ಇರುತ್ತದೆ. ಕತ್ತರಿ ಬೀಳುವುದು ಬೇರೆಯೇ ಕ್ರೋಮೋಸೋಮ್‌ನಲ್ಲಿ. ಅದೂ ಯಾವ ಪ್ರೊಟೀನಿನ ಪಾಠವೂ, ಅಂದರೆ ಅದನ್ನು ಮಾಡುವ ಸೂಚನೆಯೂ, ಇಲ್ಲದ ಒಂದು ತುಂಡಿನಲ್ಲಿ.

ಇದು ಅರ್ಥವಾಗಬೇಕಾದರೆ ಜೀವಕೋಶ ಡಿಎನ್‌ಎಯಿಂದ ಆರ್‌ಎನ್‌ಎ ನಕಲು ತೆಗೆಯುವ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಶಾಲೆಯಲ್ಲಿ ನಮಗೆ ಇದನ್ನು ಒಂದು ಬಾಣದ ಗುರುತಿನಲ್ಲಿ ಮುಗಿಸಿಬಿಟ್ಟಿದ್ದರು. ಡಿಎನ್‌ಎ, ಬಾಣ, ಆರ್‌ಎನ್‌ಎ, ಬಾಣ, ಪ್ರೊಟೀನ್. ಪರೀಕ್ಷೆಗೆ ಅಷ್ಟು ಸಾಕಿತ್ತು. ಆದರೆ ಆ ಮೊದಲ ಬಾಣದೊಳಗೆ ನಡೆಯುವುದೇ ಕಣ್ಣಿನ ಕೋಶವನ್ನು ಕಣ್ಣಾಗಿಯೂ ಲಿವರ್ ಕೋಶವನ್ನು ಲಿವರ್ ಆಗಿಯೂ ಇಡುತ್ತದೆ. ಎರಡರೊಳಗೂ ಇರುವ ಡಿಎನ್‌ಎ ಒಂದೇ.

ಮೊದಲು ನಕಲಿನ ಕೆಲಸ ನೋಡೋಣ. ಡಿಎನ್‌ಎ ಎರಡು ಎಳೆಗಳ ಹುರಿ. ಒಂದು ಎಳೆಯ ಎ ಎದುರಿಗೆ ಇನ್ನೊಂದರ ಟಿ, ಜಿ ಎದುರಿಗೆ ಸಿ. ಮನುಷ್ಯರಲ್ಲಿ ಒಂದು ಪೂರ್ತಿ ಪ್ರತಿಯಲ್ಲಿ ಸುಮಾರು 300 ಕೋಟಿ ಅಕ್ಷರ ಜೋಡಿಗಳಿವೆ. ಆರ್‌ಎನ್‌ಎ ಪಾಲಿಮರೇಸ್ ಎಂಬ ಯಂತ್ರ ಈ ಹುರಿಯ ಮೇಲೆ ಕೂತು, ಎಳೆಗಳನ್ನು ಸ್ವಲ್ಪವೇ ಬಿಡಿಸುತ್ತದೆ. ಬಿಡಿಸಿದ ಒಂದು ಎಳೆಯನ್ನು ಓದುತ್ತಾ, ಎದುರು ಅಕ್ಷರಗಳನ್ನು ಒಂದೊಂದಾಗಿ ಪೋಣಿಸಿ ಆರ್‌ಎನ್‌ಎ ಎಳೆ ಹೆಣೆಯುತ್ತದೆ. ಯಾವ ಹೊತ್ತಿನಲ್ಲೂ ಹೊಸ ಆರ್‌ಎನ್‌ಎ ಡಿಎನ್‌ಎಗೆ ಅಂಟಿಕೊಂಡಿರುವುದು ಎಂಟೊಂಬತ್ತು ಅಕ್ಷರದಷ್ಟು ಮಾತ್ರ. ಯಂತ್ರ ಮುಂದೆ ಸರಿದ ಹಾಗೆ ಹಿಂದಿನ ಡಿಎನ್‌ಎ ಮತ್ತೆ ಹುರಿಗೊಳ್ಳುತ್ತದೆ. ಆರ್‌ಎನ್‌ಎ ಬಾಲ ಪಕ್ಕದ ಕಿಂಡಿಯಿಂದ ಹೊರಬರುತ್ತದೆ.

ಇದನ್ನು ಜೆರಾಕ್ಸ್‌ಗೆ ಹೋಲಿಸುವವರು ಬಹಳ. ನನಗೆ ಆ ಹೋಲಿಕೆ ಅಷ್ಟು ಹಿಡಿಸುವುದಿಲ್ಲ. ಜೆರಾಕ್ಸ್ ಇಡೀ ಪುಟವನ್ನು ಒಂದೇ ಸಲಕ್ಕೆ ಎತ್ತುತ್ತದೆ. ಇಲ್ಲಿ ಒಂದೊಂದು ಅಕ್ಷರ ಮುಟ್ಟಿ, ಹೊಂದುತ್ತದಾ ಎಂದು ನೋಡಿ, ಜೋಡಿಸಿ, ಒಂದು ಹೆಜ್ಜೆ ಮುಂದಿಡಬೇಕು. ತಪ್ಪು ಅಕ್ಷರ ಸೇರಿದರೆ ಯಂತ್ರ ತಡವರಿಸುತ್ತದೆ, ಹಿಂದಕ್ಕೆ ಜಾರುತ್ತದೆ, ತಪ್ಪಿದ ತುದಿಯನ್ನು ಕತ್ತರಿಸಿ ಎಸೆದು ಮತ್ತೆ ಶುರುಮಾಡುತ್ತದೆ. ಇಷ್ಟೆಲ್ಲ ಮಾಡಿಯೂ ಹತ್ತು ಸಾವಿರದಿಂದ ಒಂದು ಲಕ್ಷ ಅಕ್ಷರಕ್ಕೆ ಒಂದು ತಪ್ಪು ಉಳಿಯುತ್ತದೆ. ಕೋಶ ಒಡೆದು ಎರಡಾಗುವಾಗ ಡಿಎನ್‌ಎಯನ್ನೇ ಇಮ್ಮಡಿ ಮಾಡುವ ಕೆಲಸಕ್ಕೆ ಹೋಲಿಸಿದರೆ ಇದು ಬಹಳ ಜಾಸ್ತಿ. ಆದರೂ ನಡೆಯುತ್ತದೆ. ಆರ್‌ಎನ್‌ಎ ಕೆಲವು ನಿಮಿಷವೋ ಗಂಟೆಯೋ ಬಾಳಿ ಚೂರಾಗುವ ಚೀಟಿ. ಒಂದು ಚೀಟಿ ತಪ್ಪಾದರೆ ಪಕ್ಕದಲ್ಲಿ ಸರಿಯಾದ ಚೀಟಿಗಳಿರುತ್ತವೆ.

ಆರ್‌ಎನ್‌ಎಯಲ್ಲಿ ಟಿ ಬದಲು ಯು ಎಂಬ ಅಕ್ಷರ ಇರುತ್ತದೆ. ಇದನ್ನು ಸುಮ್ನೆ ಬಾಯಿಪಾಠ ಮಾಡಿದವರೇ ಜಾಸ್ತಿ. ಕಾರಣ ಚೆನ್ನಾಗಿದೆ. ಡಿಎನ್‌ಎಯ ಸಿ ಅಕ್ಷರ ಆಗಾಗ ತಾನಾಗಿಯೇ ಕೆಟ್ಟು ಯು ಆಗಿಬಿಡುತ್ತದೆ. ಪ್ರತಿ ಕೋಶದಲ್ಲೂ ದಿನಕ್ಕೆ ನೂರರ ಲೆಕ್ಕದಲ್ಲಿ ಹೀಗಾಗುತ್ತದೆ. ಡಿಎನ್‌ಎಯಲ್ಲಿ ಯು ಸಹಜ ಅಕ್ಷರವೇ ಆಗಿದ್ದರೆ ಯಾವುದು ಕೆಟ್ಟದ್ದು, ಯಾವುದು ಮೊದಲಿಂದ ಇದ್ದದ್ದು ಎಂದು ಗೊತ್ತಾಗುತ್ತಲೇ ಇರಲಿಲ್ಲ. ಅಲ್ಲಿ ಟಿ ಇರುವುದರಿಂದ ಕಣ್ಣಿಗೆ ಬಿದ್ದ ಯು ಎಲ್ಲವೂ ರಿಪೇರಿಗೆ ಅರ್ಹ. ಬೇಗ ಎಸೆಯುವ ಆರ್‌ಎನ್‌ಎಗೆ ಆ ಕಾಳಜಿ ಬೇಕಿಲ್ಲ.

ವೇಗದ ಮಾತು. ನಮ್ಮ ಕೋಶಗಳಲ್ಲಿ ಪಾಲಿಮರೇಸ್ ನಿಮಿಷಕ್ಕೆ ಎರಡು ಮೂರು ಸಾವಿರ ಅಕ್ಷರ ಓದುತ್ತದೆ. ಜೋರು ಅನ್ನಿಸುತ್ತದೆ. ಆದರೆ ಸ್ನಾಯುಗಳಿಗೆ ಬೇಕಾದ ಡಿಸ್ಟ್ರೋಫಿನ್ ಎಂಬ ಪ್ರೊಟೀನಿನ ಜೀನ್ 22 ಲಕ್ಷ ಅಕ್ಷರಕ್ಕೂ ಉದ್ದ. ಅದರ ಒಂದೇ ಒಂದು ಪ್ರತಿ ತೆಗೆಯಲು ಸುಮಾರು 16 ಗಂಟೆ ಬೇಕು. ಅಷ್ಟು ಹೊತ್ತು ಯಂತ್ರ ದಾರಿಯಲ್ಲಿ ಕಳಚಿ ಬೀಳಬಾರದು. ಬಿದ್ದರೆ ಮಧ್ಯದಿಂದ ಮುಂದುವರಿಸುವಂತಿಲ್ಲ, ಮೊದಲಿಂದ ಬರಬೇಕು. ಇಷ್ಟು ಕಷ್ಟಪಟ್ಟು ತೆಗೆದ ನಕಲಿನಲ್ಲಿ ಕೊನೆಗೆ ಉಳಿಯುವುದು ಸುಮಾರು 14,000 ಅಕ್ಷರ. ಮಿಕ್ಕದ್ದನ್ನು ಕೋಶ ಕತ್ತರಿಸಿ ಎಸೆಯುತ್ತದೆ, ಉಳಿದ 79 ತುಂಡುಗಳನ್ನು ಒಂದಕ್ಕೊಂದು ಅಂಟಿಸುತ್ತದೆ. ಜೀನ್‌ಗಳು ಹೀಗೆ ತುಂಡು ತುಂಡಾಗಿವೆ ಎಂದು 1977ರಲ್ಲಿ ಗೊತ್ತಾದಾಗ ಜೀವಶಾಸ್ತ್ರಜ್ಞರಿಗೆ ಬೆಪ್ಪಾಗಿತ್ತು. ಅದನ್ನು ಕಂಡವರಲ್ಲಿ ಫಿಲಿಪ್ ಶಾರ್ಪ್ ಮತ್ತು ರಿಚರ್ಡ್ ರಾಬರ್ಟ್ಸ್ ಅವರಿಗೆ 1993ರಲ್ಲಿ ನೊಬೆಲ್ ಬಂತು.

ಯಂತ್ರದ ರೂಪ ಅಣು ಅಣುವಾಗಿ ಗೊತ್ತಾದದ್ದು 2001ರಲ್ಲಿ, ರೋಜರ್ ಕಾರ್ನ್‌ಬರ್ಗ್ ಅವರ ಲ್ಯಾಬಿನಿಂದ. ಅವರಿಗೆ 2006ರ ರಸಾಯನಶಾಸ್ತ್ರ ನೊಬೆಲ್ ಸಿಕ್ಕಿತು. ಡಿಎನ್‌ಎ ಇಮ್ಮಡಿ ಮಾಡುವ ಕಿಣ್ವ ಕಂಡುಹಿಡಿದು 1959ರಲ್ಲಿ ನೊಬೆಲ್ ಪಡೆದ ಆರ್ಥರ್ ಕಾರ್ನ್‌ಬರ್ಗ್ ಅವರ ಮಗ ಇವರು. ಅಪ್ಪ ಡಿಎನ್‌ಎ, ಮಗ ಆರ್‌ಎನ್‌ಎ.

ಈ ಯಂತ್ರ ನಿಂತರೆ ಏನಾಗುತ್ತದೆ? ಅದಕ್ಕೆ ಒಂದು ಅಣಬೆ ಸಾಕ್ಷಿ. ಡೆತ್ ಕ್ಯಾಪ್ ಎಂಬ ವಿಷದ ಅಣಬೆಯಲ್ಲಿ ಆಲ್ಫಾ ಅಮಾನಿಟಿನ್ ಇದೆ. ಅದು ಪಾಲಿಮರೇಸಿನ ಸಂದಿಯಲ್ಲಿ ಸಿಕ್ಕಿಕೊಂಡರೆ ನಿಮಿಷಕ್ಕೆ ಸಾವಿರಾರು ಅಕ್ಷರ ಓದುತ್ತಿದ್ದ ಯಂತ್ರ ಕೆಲವೇ ಅಕ್ಷರಕ್ಕೆ ಇಳಿಯುತ್ತದೆ. ತಿಂದ ತಕ್ಷಣ ಏನೂ ಆಗುವುದಿಲ್ಲ. ಗಂಟೆಗಳ ನಂತರ ವಾಂತಿ ಭೇದಿ. ಆಮೇಲೆ ಸ್ವಲ್ಪ ಸುಧಾರಿಸಿದ ಹಾಗೆ ಕಾಣುತ್ತದೆ. ಅಷ್ಟರಲ್ಲಿ ಹಳೆಯ ಚೀಟಿಗಳು ಮುಗಿದಿರುತ್ತವೆ, ಹೊಸದು ಬರುತ್ತಿರುವುದಿಲ್ಲ. ಲಿವರ್ ಕೈಕೊಡುತ್ತದೆ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಮಾಡುವುದೂ ಬಹುತೇಕ ಇದೇ ಕೆಲಸ, ಆದರೆ ಬ್ಯಾಕ್ಟೀರಿಯಾದ ಪಾಲಿಮರೇಸಿಗೆ ಮಾತ್ರ. ಆರ್‌ಎನ್‌ಎ ಹೊರಬರುವ ದಾರಿಗೆ ಅದು ಅಡ್ಡ ಕೂರುತ್ತದೆ. ಎರಡು ಮೂರು ಅಕ್ಷರ ಪೋಣಿಸುವಷ್ಟರಲ್ಲಿ ಕೆಲಸ ನಿಲ್ಲುತ್ತದೆ. ನಮ್ಮ ಪಾಲಿಮರೇಸಿನ ಆಕಾರ ಬೇರೆ, ಅದಕ್ಕೆ ನಾವು ಬಚಾವ್. ಈ ಔಷಧಕ್ಕೆ ಬಗ್ಗದ ಕ್ಷಯದ ಬ್ಯಾಕ್ಟೀರಿಯಾಗಳಲ್ಲಿ ಸಾಮಾನ್ಯವಾಗಿ ಬದಲಾಗಿರುವುದು ಇದೇ ಜಾಗ. ಅದಕ್ಕೇ ಅಂಥ ಕ್ಷಯವನ್ನು ಬೇಗ ಪತ್ತೆಹಚ್ಚುವ ಜೀನ್ ಪರೀಕ್ಷೆಗಳು ನೇರ ಆ ಪಾಲಿಮರೇಸಿನ ಜೀನನ್ನೇ ಓದುತ್ತವೆ.

ಇಷ್ಟೂ ನಕಲಿನ ಕಥೆ. ನಿಜವಾದ ಗೋಜಲು ಇರುವುದು ಅದಕ್ಕೂ ಮೊದಲು. ಯಾವ ಜೀನನ್ನು ನಕಲು ಮಾಡಬೇಕು? ಈಗಲಾ, ಆಮೇಲಾ? ಎಷ್ಟು ಪ್ರತಿ?

ಬ್ಯಾಕ್ಟೀರಿಯಾದಲ್ಲಿ ಉತ್ತರ ಸಲೀಸು. 1961ರಲ್ಲಿ ಫ್ರಾನ್ಸ್‌ನ ಫ್ರಾಂಸ್ವಾ ಜಾಕೋಬ್ ಮತ್ತು ಜಾಕ್ ಮೋನೊ ಅದನ್ನು ಬಿಡಿಸಿಟ್ಟರು. ಹಾಲಿನ ಸಕ್ಕರೆ ಜೀರ್ಣಿಸುವ ಜೀನ್‌ಗಳ ಬಾಗಿಲಲ್ಲೇ ಒಂದು ಪ್ರೊಟೀನ್ ಅಡ್ಡ ಕೂತಿರುತ್ತದೆ. ಹಾಲಿನ ಸಕ್ಕರೆ ಬಂದರೆ ಅದು ಎದ್ದುಹೋಗುತ್ತದೆ, ಪಾಲಿಮರೇಸ್ ಒಳಗೆ ಬರುತ್ತದೆ. ಬಾಗಿಲು, ಬೀಗ, ಕೀಲಿ.

ನಮ್ಮ ಕೋಶಗಳಲ್ಲಿ ಹಾಗಿಲ್ಲ. ಮೊದಲನೆಯದಾಗಿ ಡಿಎನ್‌ಎ ಬಿಚ್ಚಿಟ್ಟ ಪುಸ್ತಕವಲ್ಲ. ಒಂದು ಕೋಶದ ಡಿಎನ್‌ಎಯನ್ನೆಲ್ಲ ನೆಟ್ಟಗೆ ಹಿಡಿದರೆ ಸುಮಾರು ಎರಡು ಮೀಟರ್. ಅದನ್ನು ಕಣ್ಣಿಗೆ ಕಾಣದ ಕೋಶಕೇಂದ್ರದಲ್ಲಿ ತುಂಬಬೇಕು. ಹಾಗಾಗಿ ಅದು ಹಿಸ್ಟೋನ್ ಎಂಬ ಪ್ರೊಟೀನ್ ಗುಂಡುಗಳಿಗೆ ಸುತ್ತಿಕೊಂಡಿದೆ. ಒಂದೊಂದು ಗುಂಡಿಗೆ 147 ಅಕ್ಷರ, ಎರಡು ಸುತ್ತಿಗೆ ಸ್ವಲ್ಪ ಕಡಿಮೆ. ಬಿಗಿಯಾಗಿ ಸುತ್ತಿದ ಕಡೆ ಪಾಲಿಮರೇಸಿಗೆ ಕಾಲಿಡಲೂ ಜಾಗವಿಲ್ಲ. ಎರಡನೆಯದು, ಪಾಲಿಮರೇಸಿಗೆ ತನ್ನಷ್ಟಕ್ಕೆ ಜೀನ್‌ನ ಆರಂಭ ಎಲ್ಲಿ ಎಂದು ತಿಳಿಯುವುದಿಲ್ಲ. ಅದನ್ನು ಕರೆತಂದು ಕೂರಿಸಲು ಪ್ರೊಟೀನುಗಳ ಒಂದು ದೊಡ್ಡ ಗುಂಪೇ ಬೇಕು. ಡಿಎನ್‌ಎಯ ಗುರುತುಗಳನ್ನು ಹುಡುಕಿ ಅಂಟಿಕೊಂಡು, ಈ ಜೀನ್ ಬೇಕು, ಅದು ಬೇಡ ಎಂದು ಹೇಳುವ ಪ್ರೊಟೀನುಗಳೇ ಮನುಷ್ಯರಲ್ಲಿ ಸುಮಾರು 1600 ಬಗೆ ಇವೆ. ಇವುಗಳಲ್ಲಿ ಯಾವ ಯಾವುದು ಒಟ್ಟಿಗೆ ಇವೆ ಎನ್ನುವುದರ ಮೇಲೆ ಕೋಶದ ಜಾತಕ ನಿಂತಿದೆ.

ಮೂರನೆಯದೇ ವಿಚಿತ್ರ. ಆ ಗುರುತುಗಳು ಜೀನ್‌ನ ಪಕ್ಕದಲ್ಲೇ ಇರಬೇಕೆಂದಿಲ್ಲ. ಬಹಳ ದೂರ ಇರಬಹುದು. ಇವನ್ನು ಎನ್‌ಹಾನ್ಸರ್ ಎನ್ನುತ್ತಾರೆ. ಡಿಎನ್‌ಎ ಬಾಗಿ ದೂರದ ಎನ್‌ಹಾನ್ಸರ್ ಜೀನ್‌ನ ಹತ್ತಿರ ಬರುತ್ತದೆ, ಅಲ್ಲಿ ಕೂತ ಪ್ರೊಟೀನುಗಳು ಪಾಲಿಮರೇಸನ್ನು ಹುರಿದುಂಬಿಸುತ್ತವೆ.

ಒಂದು ಉದಾಹರಣೆ ಹೇಳಲೇಬೇಕು. ಸಾನಿಕ್ ಹೆಡ್ಜ್‌ಹಾಗ್ ಎಂಬ ಜೀನ್ ಇದೆ. ಹೆಸರು ಕೇಳಿ ನಗು ಬಂದರೆ ತಪ್ಪಿಲ್ಲ, ವಿಡಿಯೊ ಗೇಮ್ ಪಾತ್ರದ ಹೆಸರನ್ನೇ ಇಟ್ಟಿದ್ದಾರೆ. ಭ್ರೂಣದಲ್ಲಿ ಕೈಕಾಲು ಮೊಳೆಯುವಾಗ ಎಲ್ಲಿ ಯಾವ ಬೆರಳು ಎಂದು ತೀರ್ಮಾನಿಸುವುದು ಇದು. ಕೈಕಾಲಿನಲ್ಲಿ ಇದನ್ನು ಎಬ್ಬಿಸುವ ಎನ್‌ಹಾನ್ಸರ್ ಸುಮಾರು ಹತ್ತು ಲಕ್ಷ ಅಕ್ಷರಗಳಷ್ಟು ದೂರದಲ್ಲಿದೆ. ಅದೂ ಸಂಬಂಧವೇ ಇಲ್ಲದ ಬೇರೊಂದು ಜೀನ್‌ನ ಹೊಟ್ಟೆಯೊಳಗೆ. ಆ ಎನ್‌ಹಾನ್ಸರ್‌ನಲ್ಲಿ ಒಂದೇ ಅಕ್ಷರ ಬದಲಾದರೂ ಹೆಬ್ಬೆರಳಿನ ಪಕ್ಕ ಇನ್ನೊಂದು ಬೆರಳು ಮೂಡಬಹುದು. ಮನುಷ್ಯರಲ್ಲೂ ಕಂಡಿದೆ, ಹೆಚ್ಚು ಬೆರಳಿನ ಬೆಕ್ಕುಗಳಲ್ಲೂ ಕಂಡಿದೆ. ಜೀನ್ ಮಾತ್ರ ಅಚ್ಚುಕಟ್ಟಾಗಿ ಹಾಗೇ ಇರುತ್ತದೆ.

ಹಾವಿನಲ್ಲಿ ಈ ಎನ್‌ಹಾನ್ಸರ್ ಸವೆದುಹೋಗಿದೆ. 2016ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಇಲಿಯ ಎನ್‌ಹಾನ್ಸರ್ ತೆಗೆದು ಅಲ್ಲಿ ಹಾವಿನದನ್ನು ಇಟ್ಟರು. ಹುಟ್ಟಿದ ಇಲಿಗಳ ಕಾಲುಗಳು ಮೊಟಕಾಗಿ ಬರೀ ಮೊಳಕೆಯಂತಿದ್ದವು. ಆಮೇಲೆ ಹಾವಿನ ತುಂಡಿನಲ್ಲಿ ಕಳೆದುಹೋಗಿದ್ದ 17 ಅಕ್ಷರಗಳನ್ನು ಮತ್ತೆ ಸೇರಿಸಿದರು. ಕಾಲು ವಾಪಸ್ ಬಂತು! ಹದಿನೇಳು ಅಕ್ಷರ. ಪ್ರೊಟೀನಿನ ಪಾಠದಲ್ಲಿ ಅಲ್ಲ, ಆ ಪಾಠವನ್ನು ಯಾವಾಗ ನಕಲು ಮಾಡಬೇಕು ಎಂದು ಹೇಳುವ ಜಾಗದಲ್ಲಿ. ಜೀನ್ ಅಂದರೆ ಹಣೆಬರಹ ಎಂದು ವಾದಿಸುವವರು ಸಿಕ್ಕಾಗಲೆಲ್ಲ ನನಗೆ ಈ ಇಲಿಗಳು ನೆನಪಾಗುತ್ತವೆ.

ಈಗ ಸಿಕಲ್ ಸೆಲ್‌ಗೆ ವಾಪಸ್ ಬರೋಣ. ತಾಯಿಯ ಹೊಟ್ಟೆಯಲ್ಲಿದ್ದಾಗ ನಾವು ಬಳಸುವ ಹಿಮೋಗ್ಲೋಬಿನ್ ಬೇರೆ. ಅದರಲ್ಲಿ ಬೀಟಾ ಬದಲು ಗಾಮಾ ಎಂಬ ಸರಪಳಿ ಇರುತ್ತದೆ. ಹುಟ್ಟಿದ ಮೇಲೆ ಕೆಲವು ತಿಂಗಳಲ್ಲಿ ಗಾಮಾ ಜೀನ್‌ನ ನಕಲು ನಿಲ್ಲುತ್ತದೆ, ಬೀಟಾ ಜೀನ್‌ನ ನಕಲು ಜೋರಾಗುತ್ತದೆ. ಗಾಮಾ ಜೀನ್ ಎಲ್ಲೂ ಹೋಗಿರುವುದಿಲ್ಲ. ಕಪಾಟಿನಲ್ಲೇ ಇರುತ್ತದೆ, ಯಾರೂ ತೆಗೆಯುವುದಿಲ್ಲ ಅಷ್ಟೆ. ದೊಡ್ಡವರಾದ ಮೇಲೂ ಗಾಮಾ ನಿಲ್ಲದ ಕೆಲವರಿದ್ದಾರೆ. ಅವರಿಗೆ ಸಿಕಲ್ ಸೆಲ್ ಇದ್ದರೂ ಅದು ಅಷ್ಟಾಗಿ ಕಾಡುವುದಿಲ್ಲ ಎಂಬುದನ್ನು ವೈದ್ಯರು ಬಹಳ ಹಿಂದೆಯೇ ಗಮನಿಸಿದ್ದರು.

ಗಾಮಾವನ್ನು ಅದುಮಿಡುವ ಪ್ರೊಟೀನಿನ ಹೆಸರು ಬಿಸಿಎಲ್11ಎ. ಹಾಗಾದರೆ ಆ ಪ್ರೊಟೀನಿನ ಜೀನನ್ನೇ ಕತ್ತರಿಸಿದರಾಯಿತಲ್ಲ? ಆಗುವುದಿಲ್ಲ. ಮಿದುಳಿನ ಬೆಳವಣಿಗೆಗೂ ರೋಗನಿರೋಧಕ ಕೋಶಗಳಿಗೂ ಅದು ಬೇಕು. ಸಿಕ್ಕ ಉಪಾಯ ಏನೆಂದರೆ, ಕೆಂಪು ರಕ್ತಕಣ ಆಗಲಿರುವ ಕೋಶಗಳಲ್ಲಿ ಮಾತ್ರ ಬಿಸಿಎಲ್11ಎ ಜೀನನ್ನು ಎಬ್ಬಿಸುವ ಒಂದು ಎನ್‌ಹಾನ್ಸರ್ ಇದೆ. ಕತ್ತರಿ ಬೀಳುವುದು ಅಲ್ಲಿ. ಕೆಂಪು ಕಣದ ಸಾಲಿನಲ್ಲಿ ಬಿಸಿಎಲ್11ಎ ತಗ್ಗುತ್ತದೆ, ಗಾಮಾ ಮತ್ತೆ ನಕಲಾಗುತ್ತದೆ, ಹುಟ್ಟುವ ಮುಂಚಿನ ಹಿಮೋಗ್ಲೋಬಿನ್ ಮರಳುತ್ತದೆ. ಬೇರೆ ಕಡೆಯ ಬಿಸಿಎಲ್11ಎ ತನ್ನ ಪಾಡಿಗೆ ತಾನಿರುತ್ತದೆ. ಅಮೆರಿಕದ ಒಪ್ಪಿಗೆಗೆ ಆಧಾರವಾದ ಪ್ರಯೋಗದಲ್ಲಿ, ಸಾಕಷ್ಟು ಕಾಲ ಗಮನಿಸಿದ 31 ಜನರಲ್ಲಿ 29 ಮಂದಿಗೆ ಕನಿಷ್ಠ ಒಂದು ವರ್ಷ ತೀವ್ರ ನೋವಿನ ಸಂಕಟ ಬರಲಿಲ್ಲ.

ಬುದ್ಧಿವಂತ ಉಪಾಯ, ಒಪ್ಪಲೇಬೇಕು. ಆದರೆ ಸಲೀಸಾದ ಚಿಕಿತ್ಸೆ ಅಲ್ಲ. ರೋಗಿಯ ರಕ್ತದ ಮೂಲಕೋಶಗಳನ್ನು ಹೊರತೆಗೆದು ಲ್ಯಾಬಿನಲ್ಲಿ ಕತ್ತರಿಸಬೇಕು. ಉಳಿದ ಹಳೆಯ ಮೂಲಕೋಶಗಳನ್ನು ಕಠಿಣ ಕೀಮೋಥೆರಪಿಯಿಂದ ಕೊಲ್ಲಬೇಕು. ಆಮೇಲೆ ಹೊಸವನ್ನು ಒಳಗೆ ಬಿಡಬೇಕು. ಅಮೆರಿಕದಲ್ಲಿ ಇದಕ್ಕಿಟ್ಟ ಬೆಲೆ 22 ಲಕ್ಷ ಡಾಲರ್. ಕಾಯಿಲೆ ಹೆಚ್ಚಾಗಿ ಇರುವುದು ಬಡ ದೇಶಗಳಲ್ಲಿ.

ನಕಲಿನ ವಿಷಯ ಸುದ್ದಿಯಲ್ಲಿರುವುದಕ್ಕೆ ಇನ್ನೊಂದು ಕಾರಣ ಎಂಆರ್‌ಎನ್‌ಎ ಲಸಿಕೆ. ಅಲ್ಲಿ ನಕಲು ನಮ್ಮ ಕೋಶದೊಳಗೆ ನಡೆಯುವುದೇ ಇಲ್ಲ. ಕಾರ್ಖಾನೆಯ ಪಾತ್ರೆಯಲ್ಲಿ, ಟಿ7 ಎಂಬ ವೈರಸ್‌ನಿಂದ ಬಂದ ಸರಳ ಪಾಲಿಮರೇಸ್ ಆ ಕೆಲಸ ಮಾಡುತ್ತದೆ. ಯು ಬದಲಿಗೆ ಸ್ವಲ್ಪ ಮಾರ್ಪಾಡು ಮಾಡಿದ ಅಕ್ಷರ ಹಾಕಿದರೆ ದೇಹ ಗಾಬರಿಯಾಗದೆ ಆ ಚೀಟಿಯನ್ನು ಓದುತ್ತದೆ. ಈ ದಾರಿ ತೋರಿದ ಕ್ಯಾಟಲಿನ್ ಕರಿಕೊ ಮತ್ತು ಡ್ರೂ ವೈಸ್‌ಮನ್ ಅವರಿಗೆ 2023ರ ನೊಬೆಲ್ ಸಿಕ್ಕಿತು. ಲಸಿಕೆ ನಮ್ಮ ಡಿಎನ್‌ಎ ಬದಲಿಸುತ್ತದೆ ಎಂಬ ಮಾತು ಇನ್ನೂ ಓಡಾಡುತ್ತಿದೆ. ಆರ್‌ಎನ್‌ಎಯಿಂದ ಡಿಎನ್‌ಎ ಮಾಡುವ ಕಿಣ್ವ ಪ್ರಕೃತಿಯಲ್ಲಿ ಇರುವುದು ನಿಜ, 1970ರಿಂದ ಗೊತ್ತು. ಎಚ್‌ಐವಿ ಅಂಥ ಕಿಣ್ವವನ್ನು ಜೊತೆಗೇ ತರುತ್ತದೆ, ಮಾಡಿದ ಡಿಎನ್‌ಎಯನ್ನು ನಮ್ಮದರೊಳಗೆ ಸೇರಿಸುವ ಇನ್ನೊಂದು ಕಿಣ್ವವನ್ನೂ ತರುತ್ತದೆ. ಲಸಿಕೆಯಲ್ಲಿ ಎರಡೂ ಇಲ್ಲ. ಆ ಚೀಟಿ ಕೋಶಕೇಂದ್ರದ ಹೊರಗೇ ಓದಿಸಿಕೊಂಡು ಚೂರಾಗುತ್ತದೆ.

ಇನ್ನು ಕಂಪ್ಯೂಟರ್‌ಗಳ ಸರದಿ. ಸಾಮಾನ್ಯ ಕಾಯಿಲೆಗಳ ಜೊತೆ ತಳಕು ಹಾಕಿಕೊಂಡ ಡಿಎನ್‌ಎ ವ್ಯತ್ಯಾಸಗಳಲ್ಲಿ ಸುಮಾರು ಶೇಕಡಾ 90ರಷ್ಟು ಪ್ರೊಟೀನ್ ಪಾಠದ ಹೊರಗಿವೆ. ಅಂದರೆ ಅವುಗಳಲ್ಲಿ ಬಹಳಷ್ಟು ಕೆಡಿಸುವುದು ಜೀನನ್ನಲ್ಲ, ಜೀನ್‌ನ ನಕಲು ಎಷ್ಟು, ಯಾವಾಗ ಎಂಬುದನ್ನು. ಆದರೆ ಅಂಥ ಅಕ್ಷರ ನೋಡಿದ ಮಾತ್ರಕ್ಕೆ ಅದು ಯಾವ ಜೀನ್‌ಗೆ ಸೇರಿದ್ದು, ಯಾವ ಕೋಶದಲ್ಲಿ ಕೆಲಸ ಮಾಡುತ್ತದೆ ಎಂದು ಹೇಳಲಾಗುವುದಿಲ್ಲ. 2025ರ ಜೂನ್‌ನಲ್ಲಿ ಗೂಗಲ್ ಡೀಪ್‌ಮೈಂಡ್ ಪ್ರಕಟಿಸಿದ ಆಲ್ಫಾಜೀನೋಮ್ ಎಂಬ ಮಾದರಿ ಹತ್ತು ಲಕ್ಷ ಅಕ್ಷರಗಳನ್ನು ಒಟ್ಟಿಗೆ ಓದಿ, ಎಲ್ಲಿ ಎಷ್ಟು ನಕಲಾಗುತ್ತದೆ, ಒಂದು ಅಕ್ಷರ ಬದಲಿಸಿದರೆ ಏನಾಗುತ್ತದೆ ಎಂದು ಊಹಿಸುತ್ತದೆ. ಒಂದು ಲಕ್ಷ ಅಕ್ಷರಕ್ಕಿಂತ ದೂರದ ಎನ್‌ಹಾನ್ಸರ್‌ಗಳ ವಿಷಯದಲ್ಲಿ ಅದು ಇನ್ನೂ ಎಡವುತ್ತದೆ ಎಂದು ಅದನ್ನು ಕಟ್ಟಿದವರೇ ಹೇಳಿದ್ದಾರೆ. ಆ ಬೆರಳಿನ ಎನ್‌ಹಾನ್ಸರ್ ಎಷ್ಟು ದೂರದಲ್ಲಿತ್ತು ನೆನಪಿದೆಯಲ್ಲ?

ಇಲ್ಲಿ ಒಂದು ಹಳೇ ಜಗಳವನ್ನೂ ಹೇಳಿಬಿಡುತ್ತೇನೆ. ನಮ್ಮ ಡಿಎನ್‌ಎಯ ಯಾವ ತುಂಡು ಏನು ಮಾಡುತ್ತದೆ ಎಂದು ಪಟ್ಟಿಮಾಡುವ ಎನ್‌ಕೋಡ್ ಎಂಬ ಯೋಜನೆ 2012ರಲ್ಲಿ, ಅದರ ಮುಕ್ಕಾಲು ಪಾಲು ಒಂದಲ್ಲ ಒಂದು ಕೋಶದಲ್ಲಿ ನಕಲಾಗುತ್ತದೆ ಎಂದು ತೋರಿಸಿತು. ಶೇಕಡಾ 80ಕ್ಕೆ ಏನೋ ಒಂದು ಕೆಲಸ ಇದೆ ಎಂದೂ ಹೇಳಿತು. ಮೊದಲ ಮಾತು ಸರಿ. ಎರಡನೆಯದಕ್ಕೆ ವಿಕಾಸವಾದದ ತಜ್ಞರು ಸಿಟ್ಟಾದರು. ನಾನು ಅವರ ಕಡೆ. ಪಾಲಿಮರೇಸ್ ಅಲ್ಲಿ ಇಲ್ಲಿ ಸುಮ್ನೆ ಗೀಚುವುದೂ ಉಂಟು. ನಕಲಾದದ್ದೆಲ್ಲ ಉಪಯೋಗಕ್ಕೆ ಬಂತು ಎಂದಲ್ಲ.

ಇಲ್ಲಿಯವರೆಗೆ ನಾನು ನಕಲಿನ ಕೆಲಸವನ್ನು ಸಲೀಸು, ನಕಲಿನ ತೀರ್ಮಾನವನ್ನು ಕಷ್ಟ ಎಂಬಂತೆ ಹೇಳಿಕೊಂಡು ಬಂದೆ. 2023ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ ಅದಕ್ಕೆ ತಕರಾರು ತೆಗೆಯುತ್ತದೆ. ಹುಳು, ನೊಣ, ಇಲಿ, ಮನುಷ್ಯ, ಎಲ್ಲರಲ್ಲೂ ವಯಸ್ಸಾದಂತೆ ಪಾಲಿಮರೇಸಿನ ಸರಾಸರಿ ವೇಗ ಕಡಿಮೆಯಾಗುವುದಿಲ್ಲ, ಹೆಚ್ಚುತ್ತದೆ. ಮುದುಕಾಗುತ್ತಾ ನಿಧಾನವಾಗಬೇಕಿತ್ತು ಅನ್ನಿಸುತ್ತದೆ, ಅಲ್ವಾ? ಆದರೆ ಈ ಅವಸರ ಒಳ್ಳೆಯದಲ್ಲ. ನಕಲು ತೆಗೆಯುತ್ತಿರುವಾಗಲೇ ಬೇಡದ ತುಂಡುಗಳನ್ನು ಕತ್ತರಿಸುವ ಕೆಲಸವೂ ಜೊತೆಜೊತೆಗೆ ನಡೆಯುತ್ತಿರುತ್ತದೆ, ಅದಕ್ಕೆ ಬಿಡುವು ಬೇಕು. ಹಿಸ್ಟೋನ್ ಗುಂಡುಗಳು ಸಡಿಲವಾಗಿರುವುದೂ ಈ ಓಟಕ್ಕೆ ಒಂದು ಕಾರಣವಿರಬಹುದು. ಆ ಅಧ್ಯಯನ ಮಾಡಿದವರು ಹುಳು ಮತ್ತು ನೊಣಗಳಲ್ಲಿ ಪಾಲಿಮರೇಸನ್ನೇ ನಿಧಾನ ಮಾಡುವ ಬದಲಾವಣೆ ತಂದು ನೋಡಿದರು. ಅವು ಹೆಚ್ಚು ದಿನ ಬದುಕಿದವು. ಹುಳುಗಳಲ್ಲಿ ಆ ಬದಲಾವಣೆಯನ್ನು ಮತ್ತೆ ಮೊದಲಿನಂತೆ ಮಾಡಿದಾಗ ಆಯಸ್ಸೂ ಮೊದಲಿನಷ್ಟಕ್ಕೇ ಇಳಿಯಿತು.